ಕೂಲಿ, ಮಾತು, ಮಣ್ಣು: ನಮ್ಮ ಕಡೆಯವರ ಪರದೇಶಗಳು

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಮತ್ತೆ ಅದೇ ಚರ್ಚೆ. ಕೆನಡಾ ಒಳ್ಳೆಯದೋ ಆಸ್ಟ್ರೇಲಿಯಾ ಒಳ್ಳೆಯದೋ, ದುಡಿಯಲಿಕ್ಕೆ ಜರ್ಮನಿಯೋ ಸಿಂಗಪುರವೋ, ವಯಸ್ಸಾದ ಮೇಲೆ ಆರಾಮಾಗಿ ಕಾಲ ಕಳೆಯಲು ಪೋರ್ಚುಗಲ್ ಹೇಗೆ... ಒಬ್ಬ ಗೆಳೆಯ ಎಕ್ಸೆಲ್ ಶೀಟನ್ನೇ ಮಾಡಿಕೊಂಡು ಬಂದಿದ್ದ. ಸಂಬಳ, ತೆರಿಗೆ, ಮನೆ ಬಾಡಿಗೆ, ಆಸ್ಪತ್ರೆ, ಚಳಿ ಎಷ್ಟು, ಶಾಲೆ ಹೇಗೆ. ಒಂದೊಂದಕ್ಕೂ ಒಂದೊಂದು ಕಾಲಮ್ಮು, ಹತ್ತಕ್ಕೆ ಇಷ್ಟು ಅಂತ ಅಂಕ. ಕೊನೆಯಲ್ಲಿ ಒಟ್ಟು ಮೊತ್ತ. ಕೆನಡಾ ಫಸ್ಟ್ ಕ್ಲಾಸ್, ನಮ್ಮ ದೇಶ ಜಸ್ಟ್ ಪಾಸು!

ನನಗೆ ನಗು ಬಂತು. ನಗುವಿನ ಹಿಂದೆಯೇ ನಮ್ಮ ಮುತ್ಯಾನ ನೆನಪೂ ಬಂತು. (ನಮ್ಮ ವಿಜಯಪುರದ ಕಡೆ ಅಜ್ಜನಿಗೆ ಮುತ್ಯಾ ಅಂತೀವಿ, ದಕ್ಷಿಣದ ಗೆಳೆಯರ ಗಮನಕ್ಕೆ.) ಇಂಡಿ ತಾಲೂಕಿನ ನಮ್ಮೂರಲ್ಲಿ ಹನುಮಂತದೇವರ ಗುಡಿಯ ಕಟ್ಟೆ ಮೇಲೆ ಕೂತು ಮುತ್ಯಾ ಮತ್ತು ಅವನ ಓರಗೆಯವರು ಮಾಡುತ್ತಿದ್ದದ್ದೂ ಇದೇ ಚರ್ಚೆ. ಸೋಲಾಪುರ ಛಲೋನೋ, ಮೊಗಲಾಯಿ ಛಲೋನೋ, ಗೋವಾ ಛಲೋನೋ. ಅವರ ಹತ್ತಿರ ಎಕ್ಸೆಲ್ ಇರಲಿಲ್ಲ. ಆದರೆ ಮುತ್ಯಾ ಹೇಳುತ್ತಿದ್ದ ಮೂರು ಕಾಲಮ್ಮು ನನಗೆ ಈಗಲೂ ಬಾಯಿಪಾಠ.

"ತಮ್ಮಾ, ಯಾವ ದೇಶಕ್ಕ ಹ್ವಾದ್ರೂ ಮೂರು ಕೇಳ್ಕೋಬೇಕು. ಕೂಲಿ ಎಷ್ಟು? ಮಾತು ತಿಳೀತದೇನು? ಸತ್ರ ಮಣ್ಣು ಎಲ್ಲಿ?"

ನಾನು ಇತಿಹಾಸ ಕಲಿತವನಲ್ಲ, ಓದುವ ಹುಚ್ಚು ಅಷ್ಟೇ. ಆದರೆ ಈ ಮೂರು ಪ್ರಶ್ನೆ ಇಟ್ಟುಕೊಂಡು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕಿನವರು ಎಲ್ಲೆಲ್ಲಿ ದುಡಿದರು, ಎಲ್ಲಿ ನೆಲೆ ನಿಂತರು, ಯಾರು ತಿರುಗಿ ಬಂದರು ಅಂತ ನೋಡುತ್ತ ಹೋದರೆ ಒಂದು ಒಳ್ಳೆಯ ಕಥೆಯೇ ಸಿಗುತ್ತದೆ. ಸ್ವಲ್ಪ ಉದ್ದವಾಗಬಹುದು, ಚಹಾ ತಗೊಂಡು ಕೂತ್ಕೊಳ್ಳಿ.

ಮೊದಲು ಹೋದವರು

ನಮ್ಮ ಕಡೆಯಿಂದ ಕೆಲಸಕ್ಕೆಂದು ಹೊರಗೆ ಹೋದವರಲ್ಲಿ ಎಲ್ಲರಿಗೂ ಗೊತ್ತಿರುವ ಮೊದಲ ಹೆಸರು ಯಾರದು? ಬಸವಣ್ಣನವರದು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಹುಟ್ಟಿದ್ದು ಬಾಗೇವಾಡಿ. ಕಲಿತದ್ದು ಕೃಷ್ಣೆ ಮಲಪ್ರಭೆ ಕೂಡುವ ಕೂಡಲಸಂಗಮ. ಅಲ್ಲಿಂದ ನೌಕರಿಗೆ ಹೋದದ್ದು ಮಂಗಳವೇಡೆಗೆ. ಹರಿಹರನ ಬಸವರಾಜದೇವರ ರಗಳೆಯಲ್ಲಿ ಅವರು ಅಲ್ಲಿ ಭಂಡಾರದ ಲೆಕ್ಕ ನೋಡುವ ಕೆಲಸಕ್ಕೆ ಸೇರಿದ ಕಥೆ ಬರುತ್ತದೆ. ಈಗಿನ ಭಾಷೆಯಲ್ಲಿ ಅಕೌಂಟ್ಸ್ ಡಿಪಾರ್ಟ್‌ಮೆಂಟು. ಆಮೇಲೆ ಬಿಜ್ಜಳನ ಕಲ್ಯಾಣದಲ್ಲಿ ದೊಡ್ಡ ಹುದ್ದೆ, ದೊಡ್ಡ ಕೆಲಸ. ಕೊನೆಗೆ 1160ರ ದಶಕದ ಕೊನೆಯಲ್ಲಿ ಕಲ್ಯಾಣದ ಗಲಭೆಯ ಹೊತ್ತಿಗೆ ತಿರುಗಿ ಬಂದದ್ದು ಕೂಡಲಸಂಗಮಕ್ಕೆ, ಅಲ್ಲೇ ಐಕ್ಯ.

ಬದುಕಿದ್ದು ಒಂದು ಕಡೆ, ದುಡಿದದ್ದು ಇನ್ನೊಂದು ಕಡೆ, ಮಣ್ಣಾದದ್ದು ಮತ್ತೊಂದು ಕಡೆ. ಈ ನಾಲ್ಕು ಊರನ್ನು ಇವತ್ತಿನ ನಕಾಶೆಯಲ್ಲಿ ಗುರುತು ಹಾಕಿ ನೋಡಿ. ಬಾಗೇವಾಡಿ ವಿಜಯಪುರ ಜಿಲ್ಲೆ, ಸಂಗಮ ಬಾಗಲಕೋಟೆ ಜಿಲ್ಲೆ, ಕಲ್ಯಾಣ ಬೀದರ ಜಿಲ್ಲೆ, ಮಂಗಳವೇಡೆ ಮಹಾರಾಷ್ಟ್ರದ ಸೋಲಾಪುರ ಜಿಲ್ಲೆ. 1900ರ ನಕಾಶೆ ತೆಗೆದರೆ ಇನ್ನೂ ಮಜಾ. ಬಾಗೇವಾಡಿ ಮತ್ತು ಸಂಗಮ ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿ, ಮಂಗಳವೇಡೆ ಸಾಂಗಲಿ ಸಂಸ್ಥಾನದಲ್ಲಿ, ಕಲ್ಯಾಣ ನಿಜಾಮನ ರಾಜ್ಯದಲ್ಲಿ. ಆಗಿನ ಲೆಕ್ಕದಲ್ಲಿ ಬಸವಣ್ಣನವರು ಮೂರು ಸರಕಾರಗಳ ನೆಲದಲ್ಲಿ ಬಾಳಿದರು ಅನ್ನಬೇಕಾಗುತ್ತಿತ್ತು. ಅವರು ನಡೆದ ದಾರಿ ಬದಲಾಗಲಿಲ್ಲ, ಗೆರೆಗಳು ಬದಲಾದವು. ಈ ಮಾತು ನೆನಪಿನಲ್ಲಿಡಿ, ನಮ್ಮ ಮುತ್ಯಾನ ಕಥೆಯಲ್ಲಿ ಮತ್ತೆ ಬರುತ್ತದೆ.

ಇನ್ನೊಂದು ಮಾತು. ಕಲ್ಯಾಣಕ್ಕೆ ಹೋದದ್ದು ಬಾಗೇವಾಡಿಯವರು ಮಾತ್ರ ಅಲ್ಲ. ಮೋಳಿಗೆಯ ಮಾರಯ್ಯ ಕಾಶ್ಮೀರದಿಂದ ಬಂದವರು, ಆದಯ್ಯ ಸೌರಾಷ್ಟ್ರದಿಂದ ಬಂದವರು ಅಂತ ಶರಣರ ಪರಂಪರೆ ಹೇಳುತ್ತದೆ. ಒಬ್ಬರು ಕಟ್ಟಿಗೆ ಮಾರಿ, ಇನ್ನೊಬ್ಬರು ವ್ಯಾಪಾರ ಮಾಡಿ ಬದುಕಿದರು. ಬಂದವರು ಇಲ್ಲಿಯ ಮಾತು ಕಲಿತು ಅದರಲ್ಲೇ ವಚನ ಬರೆದರು. ಹೊರಗಿನವರಿಗೆ ಕೆಲಸ ಕೊಡುವ ಊರು ಬಹಳ ಇವೆ. ಮಾತು ಕೊಟ್ಟ ಊರು ಕಡಿಮೆ.

ನಾವೇ ಪರದೇಶವಾಗಿದ್ದ ಕಾಲ

ಈಗ ನಮ್ಮ ಜಿಲ್ಲೆ ಅಂದರೆ ಜನ ಗುಳೆ ಹೋಗುವ ಜಿಲ್ಲೆ ಅಂತಲೇ ಹೆಸರು. ಆದರೆ ನಾನೂರು ವರ್ಷದ ಹಿಂದೆ ಜನ ಗುಳೆ ಬರುತ್ತಿದ್ದ ಊರು ಇದು!

1490ರ ಸುಮಾರಿಗೆ ಆದಿಲಶಾಹಿ ಮನೆತನ ಸ್ಥಾಪಿಸಿದ ಯೂಸುಫ್ ಆದಿಲಶಾಹನೇ ಹೊರಗಿನಿಂದ ಬಂದವನು. ಅವನ ವಂಶದ ಆಳಿಕೆಯಲ್ಲಿ ಇರಾನಿನವರು, ತುರ್ಕರು, ಆಫ್ರಿಕಾದ ಹಬಶಿಗಳು ಕೆಲಸ ಹುಡುಕಿಕೊಂಡೋ, ಗುಲಾಮರಾಗಿಯೋ ಇಲ್ಲಿ ಬಂದು ಸರದಾರರಾದರು. ಆಫ್ರಿಕಾ ಮೂಲದ ಇಖ್ಲಾಸ್ ಖಾನ್ ಮಹಮ್ಮದ ಆದಿಲಶಾಹನ ಕಾಲಕ್ಕೆ ಪ್ರಧಾನಿಯೇ ಆದ. ಚರಿತ್ರೆ ಬರೆದ ಫರಿಶ್ತಾ ಹುಟ್ಟಿದ್ದು ಕ್ಯಾಸ್ಪಿಯನ್ ಸಮುದ್ರದ ಹತ್ತಿರದ ಅಸ್ತ್ರಾಬಾದಿನಲ್ಲಿ. ಮೊದಲು ಅಹಮದನಗರದಲ್ಲಿ ನೌಕರಿ, ಅಲ್ಲಿ ಗದ್ದಲ ಜಾಸ್ತಿ ಆದ ಮೇಲೆ 1589ರಲ್ಲಿ ಬಿಜಾಪುರಕ್ಕೆ ಬದಲಿ. ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ಇಲ್ಲೇ ಕೂತು ತನ್ನ ದೊಡ್ಡ ಗ್ರಂಥ ಬರೆದ. ಕವಿ ಜುಹೂರಿ ಕೂಡ ಇರಾನಿನಿಂದ ಬಂದವನು, ಅವನೂ ಅಹಮದನಗರದಲ್ಲಿದ್ದು ಆಮೇಲೆ ಇಲ್ಲಿಗೆ ಬಂದ. ಈಗಿನ ಹುಡುಗರು ಕಂಪನಿ ಬದಲಿಸಿದ ಹಾಗೆಯೇ ಅನ್ನಿ. ಅಹಮದನಗರದಲ್ಲಿ ಎರಡು ವರ್ಷ ಎಕ್ಸ್‌ಪೀರಿಯನ್ಸ್, ಆಮೇಲೆ ಬಿಜಾಪುರ.

1603ರ ಹೊತ್ತಿಗೆ ಅಕ್ಬರನ ರಾಯಭಾರಿಯಾಗಿ ಬಂದಿದ್ದ ಅಸದ್ ಬೇಗ್ ಇಲ್ಲಿಯ ಪೇಟೆ ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ತಿರುಗಿ ಹೋಗುವಾಗ ತಾನು ಅದುವರೆಗೆ ಕಂಡಿರದ ಒಂದು ಸಾಮಾನನ್ನು ಬಾದಶಹನಿಗೆ ಕಾಣಿಕೆಯಾಗಿ ಒಯ್ದ. ಅದು ತಂಬಾಕು! ಪೋರ್ಚುಗೀಸರ ಬಂದರುಗಳ ಮೂಲಕ ಬಂದ ಆ ಸೊಪ್ಪು ಬಿಜಾಪುರದಲ್ಲಿ ಮೊದಲೇ ಸಿಗುತ್ತಿತ್ತು.

1686ರಲ್ಲಿ ಔರಂಗಜೇಬ ಊರು ಗೆದ್ದ. ಆಮೇಲೆ ದರಬಾರೂ ಇಲ್ಲ, ಕೊಡುವವರೂ ಇಲ್ಲ. ಬಂದವರು ಮುಂದಿನ ಊರು ನೋಡಿಕೊಂಡರು. ಉಳಿದದ್ದು ಗುಮ್ಮಟಗಳು, ಮತ್ತು ಎರಿ ಹೊಲ ನಂಬಿದ ನಮ್ಮಂಥವರು.

ಬರ ಕಲಿಸಿದ ದಾರಿ

ಎರಿ ಹೊಲ ಅಂದರೆ ಕರಿ ಮಣ್ಣಿನ ಹೊಲ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅದೂ ಬಂದರೆ ಬಂತು. ಡೋಣಿ ಹೊಳೆಯ ದಂಡೆ ಬೆಳೆದ ವರ್ಷ ಓಣಿಯೆಲ್ಲ ಜೋಳ ಅನ್ನುವ ಮಾತು ನಮ್ಮಲ್ಲಿದೆ. ಬೆಳೆಯದ ವರ್ಷದ ಬಗ್ಗೆ ಮಾತೇ ಇಲ್ಲ, ಆ ವರ್ಷ ಮಾತಾಡಲಿಕ್ಕೆ ಊರಲ್ಲಿ ಯಾರೂ ಇರುತ್ತಿರಲಿಲ್ಲ.

1876ರಿಂದ 1878ರ ಧಾತು ಈಶ್ವರ ಬರ ನಮ್ಮ ಜಿಲ್ಲೆಯನ್ನು ಅಲ್ಲಾಡಿಸಿಬಿಟ್ಟಿತು. ಆಗ ನಮ್ಮದು ಕಲಾದಗಿ ಜಿಲ್ಲೆ (ಜಿಲ್ಲಾ ಕಚೇರಿ ಬಿಜಾಪುರಕ್ಕೆ ಬಂದದ್ದು 1885ರಲ್ಲಿ). 1872ರ ಗಣತಿಯಲ್ಲಿ ಎಂಟು ಲಕ್ಷ ದಾಟಿದ್ದ ಜನ 1881ರ ಗಣತಿಗೆ ಆರೂವರೆ ಲಕ್ಷಕ್ಕೂ ಕಡಿಮೆ. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಅಂತ ಆ ಎರಡು ಅಂಕಿ ಬೇರೆ ಮಾಡಿ ಹೇಳುವುದಿಲ್ಲ. ಸರಕಾರ ಬರಗಾಲದ ಕಾಮಗಾರಿ ತೆರೆದಿತ್ತು. ಆದರೆ 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಅನ್ನುವ ಅಧಿಕಾರಿ ಖರ್ಚು ಉಳಿಸಲೆಂದು ಕೂಲಿ ಇಳಿಸಿದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಕಾಳು, ಮೇಲೆ ಒಂದು ಆಣೆ. ಒಂದು ಪೌಂಡು ಅಂದರೆ ಅರ್ಧ ಕೆಜಿಗೂ ಕಡಿಮೆ. ದಿನವಿಡೀ ಕಲ್ಲು ಒಡೆದವನಿಗೆ! ಮುಂಬಯಿ ಪ್ರಾಂತ್ಯದಲ್ಲಿ ಎಷ್ಟೋ ಕಡೆ ಜನ ಈ ಕೂಲಿ ಬೇಡವೆಂದು ಕಾಮಗಾರಿ ಬಿಟ್ಟು ಎದ್ದು ನಡೆದರು. ಹಸಿದವರು ಕೂಲಿ ಹೋಲಿಸಿ ನೋಡಿ, ಇದು ಸಾಲದು ಅಂತ ಎದ್ದು ಹೋಗುವುದು ಸಣ್ಣ ಮಾತಲ್ಲ.

ಬರ ಮುಗಿದ ಮೇಲೆ ಸರಕಾರಕ್ಕೆ ಬುದ್ಧಿ ಬಂತು. ಮುಂದಿನ ಬರದಲ್ಲಿ ಕಾಳು ಬೇಗ ತಲುಪಲಿ ಅಂತ ರೈಲು ಹಾಕಲು ಹೊರಟರು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ 1880ರ ದಶಕದ ನಡುವೆ ಹೋಟಗಿಯಿಂದ ಗದಗದವರೆಗೆ ಮೀಟರ್ ಗೇಜ್ ಹಳಿ ಹಾಕಿತು. ಇಂಡಿ ರೋಡ್, ಬಿಜಾಪುರ, ಬಾಗೇವಾಡಿ ರೋಡ್, ಆಲಮಟ್ಟಿ, ಬಾಗಲಕೋಟೆ. ಹೋಟಗಿ ದಾಟಿದರೆ ಸೋಲಾಪುರ. ಅಲ್ಲಿಗೆ ಮುಂಬಯಿಯ ರೈಲು 1860ರಲ್ಲೇ ಬಂದಿತ್ತು.

ಕಾಳು ತರಲೆಂದು ಹಾಕಿದ ಹಳಿ ಆಳು ಒಯ್ಯತೊಡಗಿತು.

ಸೋಲಾಪುರ ಎಂಬ ಹತ್ತಿರದ ಪರದೇಶ

ಸೋಲಾಪುರದ ಮೊದಲ ಬಟ್ಟೆ ಗಿರಣಿ ಶುರುವಾದದ್ದು 1877ರಲ್ಲಿ, ಸರಿಯಾಗಿ ಬರದ ನಡುವೆ. ಮುಂದೆ ಹೊಸ ಗಿರಣಿಗಳು ಬಂದ ಮೇಲೆ ಅದಕ್ಕೆ ಹಳೇ ಗಿರಣಿ ಅಂತಲೇ ಹೆಸರಾಯಿತು. ನರಸಿಂಗ ಗಿರಜಿ, ಲಕ್ಷ್ಮಿ, ವಿಷ್ಣು, ಜಾಮ್ ಗಿರಣಿಗಳು ಒಂದಾದ ಮೇಲೊಂದು ಎದ್ದವು. ಗಿರಣಿಯ ಭೋಂಗಾ ಕೂಗಿದರೆ ಊರು ಎದ್ದೇಳುತ್ತಿತ್ತು. ಮುತ್ಯಾ ಹದಿನಾರು ವರ್ಷದವನಿದ್ದಾಗ ಅಲ್ಲಿ ಹೋದ. ದಿನಾ ತಲೆ ಮೇಲೆ ಹತ್ತಿಯ ಎಳೆ ಕೂತು ಮುದುಕನ ಹಾಗೆ ಕಾಣುತ್ತಿದ್ದೆ ಅಂತ ನಗುತ್ತಿದ್ದ. ಕೆಮ್ಮು ಮಾತ್ರ ಸಾಯುವವರೆಗೂ ಬಿಡಲಿಲ್ಲ, ಅದರ ಬಗ್ಗೆ ನಗುತ್ತಿರಲಿಲ್ಲ.

ಮೂರು ಪ್ರಶ್ನೆಯಲ್ಲಿ ಸೋಲಾಪುರಕ್ಕೆ ಎಷ್ಟು ಅಂಕ?

ಕೂಲಿ: ತಿಂಗಳಿಗೆ ಗೊತ್ತಾದ ಪಗಾರ. ಮಳೆ ನೋಡಿಕೊಂಡು ಬದುಕುವವನಿಗೆ ಒಂದನೆಯ ತಾರೀಖು ರೊಕ್ಕ ಕೈಗೆ ಬರುವುದು ದೊಡ್ಡ ಬೆರಗು.

ಮಾತು: ಇದರಲ್ಲಿ ಸೋಲಾಪುರಕ್ಕೆ ಹತ್ತಕ್ಕೆ ಹತ್ತು. ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ನಾಲ್ಕೂ ಒಂದೇ ಓಣಿಯಲ್ಲಿ. ಊರ ದೇವರು ಸಿದ್ಧರಾಮೇಶ್ವರ. ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ನಮ್ಮ ಹಳ್ಳಿಗಳಿಂದ ಜನ ಮೊದಲಿನಿಂದಲೂ ಹೋಗುವವರೇ. ದೇವರು ಪರಿಚಯದವನಿದ್ದರೆ ಊರು ಪರದೇಶ ಹೇಗಾಗುತ್ತದೆ?

ಮಣ್ಣು: ವಿಜಯಪುರದಿಂದ ಸೋಲಾಪುರ ಸುಮಾರು 100 ಕಿಲೋಮೀಟರ್. ಮುಂಜಾನೆ ಯಾರಾದರೂ ತೀರಿಕೊಂಡರೆ ಸಂಜೆಗೆ ಮಣ್ಣಿಗೆ ಬಂದು ಮುಟ್ಟಬಹುದು. ಸ್ವಂತದ ಮಣ್ಣಿಗೂ.

ಗಿರಣಿ ಕಾರ್ಮಿಕರು ಬರೀ ಪಗಾರ ಎಣಿಸಿಕೊಂಡು ಕೂತವರೂ ಅಲ್ಲ. 1930ರ ಮೇ ತಿಂಗಳಲ್ಲಿ ಗಾಂಧೀಜಿಯ ಬಂಧನದ ಸುದ್ದಿ ಬಂದಾಗ ಸೋಲಾಪುರ ಎದ್ದು ನಿಂತಿತು, ಸರಕಾರ ಊರಿಗೆ ಮಾರ್ಷಲ್ ಲಾ ಹಾಕಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರನ್ನು 1931ರ ಜನವರಿ 12ರಂದು ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಮುತ್ಯಾ ಸೋಲಾಪುರಕ್ಕೆ ಹೋದದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ಆದರೂ ಆ ನಾಲ್ಕು ಹೆಸರು ಅವನಿಗೆ ಬಾಯಿಪಾಠ ಇದ್ದವು.

ಇನ್ನು ಗೆರೆಯ ವಿಷಯ. ಮುತ್ಯಾ ಗಿರಣಿಗೆ ಸೇರಿದಾಗ ಇಂಡಿಯೂ ಮುಂಬಯಿ ಪ್ರಾಂತ್ಯ, ಸೋಲಾಪುರವೂ ಮುಂಬಯಿ ಪ್ರಾಂತ್ಯ. 1956ರ ನವೆಂಬರ್ 1ಕ್ಕೆ ಇಂಡಿ ಮೈಸೂರು ರಾಜ್ಯಕ್ಕೆ ಬಂತು, ಸೋಲಾಪುರ ಅಲ್ಲೇ ಉಳಿಯಿತು. 1960ರ ಮೇ 1ಕ್ಕೆ ಮಹಾರಾಷ್ಟ್ರವಾಯಿತು. ಮುತ್ಯಾ ಅದೇ ಚಾಳಿನಲ್ಲಿ, ಅದೇ ಖೋಲಿಯಲ್ಲಿ ಮಲಗಿದ್ದವನು ಬೆಳಗಾಗೆದ್ದು ಹೊರರಾಜ್ಯದ ಕೂಲಿಯಾಗಿದ್ದ! "ನಾ ಎಲ್ಲಿಗೂ ಹೋಗ್ಲಿಲ್ಲೋ, ರಾಜ್ಯನ ಎದ್ದು ಹೋತು" ಅಂತಿದ್ದ. ಮುಂದೆ 1967ರಲ್ಲಿ ಮಹಾಜನ ವರದಿ ಬಂತು, ದಕ್ಷಿಣ ಸೋಲಾಪುರ, ಅಕ್ಕಲಕೋಟೆ ನಮಗೆ ಬರಬೇಕು ಅಂತ ಹೇಳಿತು. ವರದಿ ವರದಿಯಾಗಿಯೇ ಉಳಿಯಿತು. ಗಿರಣಿಗಳೂ ಒಂದೊಂದಾಗಿ ಬಾಗಿಲು ಹಾಕಿದವು.

ಮೊಗಲಾಯಿ: ಹೊಲದ ಬದುವಿನ ಆಚೆ ಬೇರೆ ದೇಶ

ಸಿಂದಗಿ, ಮುದ್ದೇಬಿಹಾಳದ ಮೂಡಣ ಕಡೆಯ ಹಳ್ಳಿಗಳಿಗೆ ನಿಜಾಮನ ರಾಜ್ಯ ಬದುವಿನಾಚೆಯೇ. ನಮ್ಮ ಹಿರಿಯರು ಈಗಲೂ ಅದನ್ನು ಮೊಗಲಾಯಿ ಅಂತಲೇ ಕರೆಯುತ್ತಾರೆ. ಹೆಣ್ಣು ಕೊಡುವುದು ತರುವುದು, ಜಾತ್ರೆ, ದನದ ಸಂತೆ ಎಲ್ಲ ಒಂದೇ. ಮಾತೂ ಅದೇ ಕನ್ನಡ. ಆದರೆ ಸರಕಾರ ಬೇರೆ, ಕಚೇರಿಯ ಭಾಷೆ ಉರ್ದು, ರೊಕ್ಕವೂ ಬೇರೆ! ಬ್ರಿಟಿಷರ ರೂಪಾಯಿ ಕಲದಾರ, ನಿಜಾಮನದು ಹಾಲಿ ಸಿಕ್ಕಾ. 100 ಕಲದಾರ ರೂಪಾಯಿಗೆ ಸುಮಾರು 116 ಹಾಲಿ ರೂಪಾಯಿ ಲೆಕ್ಕ. ಅಂದರೆ ಗುಲಬರ್ಗಾದ ಎಂ.ಎಸ್.ಕೆ. ಗಿರಣಿಯಲ್ಲಿ ಏಳು ರೂಪಾಯಿ ಗಳಿಸಿದವನು ಬದು ದಾಟಿ ಈಚೆ ಬಂದರೆ ಅದು ಆರೇ ರೂಪಾಯಿ. ಈಗ ನಾವು ಡಾಲರಿನ ದರ ನೋಡಿ ಊರಿಗೆ ಹಣ ಕಳಿಸುತ್ತೇವಲ್ಲ, ಸಿಂದಗಿಯ ಕೂಲಿಯವರಿಗೆ ಆ ವಿದ್ಯೆ ನೂರು ವರ್ಷದ ಹಿಂದೆಯೇ ಬರುತ್ತಿತ್ತು. ಆ ಸಿಕ್ಕಾ ಪೂರ್ತಿ ಮಾಯವಾದದ್ದು 1950ರ ದಶಕದಲ್ಲಿ.

1947-48ರಲ್ಲಿ ಗುಳೆ ತಿರುಗುಮುರುಗಾಯಿತು. ರಜಾಕಾರರ ಹಾವಳಿಗೆ ಹೆದರಿ ಮೊಗಲಾಯಿಯ ಜನ ಗಡಿ ದಾಟಿ ಈಚೆ ಬಂದರು. ಮುಂಡರಗಿ, ಗಜೇಂದ್ರಗಡದಂಥ ಗಡಿ ಊರುಗಳಲ್ಲಿ ಹೋರಾಟಗಾರರ ಶಿಬಿರಗಳು ನಡೆದವು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆಗಿ ಆ ರಾಜ್ಯವೇ ಮುಗಿಯಿತು. ನಮ್ಮ ಆಯಿಯ ತವರುಮನೆಯಲ್ಲಿ ಆ ವರ್ಷ ಎರಡು ಸಂಸಾರ ಆರು ತಿಂಗಳು ಇದ್ದವಂತೆ. ಜೋಳ ಕೊಟ್ಟಿದ್ದೆವೋ ಸಾಲ ಕೊಟ್ಟಿದ್ದೆವೋ ಅಂತ ಆಮೇಲೆ ಯಾರೂ ಕೇಳಲಿಲ್ಲ ಅಂತ ಆಯಿ ಹೇಳುತ್ತಿದ್ದಳು. ಯಾವ ದೇಶದವನೂ ನಾಳೆ ನಿರಾಶ್ರಿತ ಆಗಬಹುದು, ಅದಕ್ಕೆ ಬಾಗಿಲು ಹಾಕಬಾರದು ಅನ್ನುವುದು ಅವಳ ವಾದ.

ಗೋವಾ: ದೂರದ, ಆದರೆ ರೊಕ್ಕದ ದೇಶ

ಗೋವಾ ಒಂದು ಕಾಲಕ್ಕೆ ಬಿಜಾಪುರದ್ದೇ. 1510ರ ನವೆಂಬರಿನಲ್ಲಿ ಅಲ್ಬುಕರ್ಕ್ ಅದನ್ನು ಆದಿಲಶಾಹಿಯ ಕೈಯಿಂದ ಕಿತ್ತುಕೊಂಡ. ಅಲ್ಲಿಂದ 451 ವರ್ಷ ಅದು ಪೋರ್ಚುಗಲ್ಲು. 1961ರ ಡಿಸೆಂಬರ್ 19ಕ್ಕೆ ಭಾರತಕ್ಕೆ ಸೇರಿತು. ಆಮೇಲೆ ಬಂದರು, ಅದಿರು, ಗೊಬ್ಬರದ ಕಾರಖಾನೆ, ಹೋಟೆಲ್ಲು, ಮನೆ ಕಟ್ಟುವ ಕೆಲಸ. ಕೆಲಸ ಇತ್ತು, ಕೈ ಸಾಲದಿದ್ದವು. ನಮ್ಮ ಜಿಲ್ಲೆಯ ಕೈಗಳು ಹೋದವು. ನನ್ನ ಕಾಕಾನ ಎರಡು ಕೈಯೂ.

ಕಾಕಾ ಮೂವತ್ತು ವರ್ಷಕ್ಕೂ ಹೆಚ್ಚು ವಾಸ್ಕೋ ಕಡೆ ಗೌಂಡಿ ಕೆಲಸ ಮಾಡಿದ. ಊರಿನ ಕೂಲಿಗಿಂತ ಎರಡರಷ್ಟು, ಕೆಲವು ವರ್ಷ ಮೂರರಷ್ಟು ಪಗಾರ. ಊರಲ್ಲಿ ಮನೆಗೆ ಆರ್‌ಸಿಸಿ ಬಂದದ್ದು, ನನ್ನ ಅಕ್ಕನ ಮದುವೆ, ನನ್ನ ಇಂಜಿನಿಯರಿಂಗ್ ಫೀಜು ಎಲ್ಲ ಗೋವಾದ ಸಿಮೆಂಟಿನಿಂದಲೇ. ಕೂಲಿಯಲ್ಲಿ ಗೋವಾ ಮೊದಲ ನಂಬರು.

ಮಾತು? ಅಲ್ಲಿ ಕನ್ನಡ ಸಾಲಿಗಳಿವೆ, ಕನ್ನಡ ಸಂಘಗಳಿವೆ. ಆದರೆ ಘಟ್ಟದ ಮೇಲಿನಿಂದ ಬಂದವರಿಗೆ ಅಲ್ಲಿ "ಘಾಟಿ" ಅನ್ನುತ್ತಾರೆ, ಅದು ಪ್ರೀತಿಯ ಹೆಸರಲ್ಲ. 2004ರ ಜೂನ್‌ನಲ್ಲಿ, ಮಳೆಗಾಲದ ಹೊತ್ತಿಗೆ, ವಾಸ್ಕೋದ ಬೈನಾ ದಂಡೆಯ ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಂದವರಲ್ಲಿ ಕನ್ನಡಿಗರು ಬಹಳ. ವೇಶ್ಯಾವಾಟಿಕೆ ತೆರವು ಅನ್ನುವುದು ಕಾರಣ, ಆದರೆ ಮೀನು ಹೊರುವವರ, ಕೂಲಿಯವರ ಮನೆಗಳೂ ಹೋದವು. 2015ರಲ್ಲಿ ಬೈನಾದಲ್ಲಿ ಮತ್ತೆ ತೆರವು. ಎರಡೂ ಸಲ ನಮ್ಮ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ, ನಾಲ್ಕು ದಿನ. ಐದನೆಯ ದಿನ ವಾಸ್ಕೋ ಬಸ್ಸು ಮತ್ತೆ ತುಂಬಿ ಹೊರಟಿತು.

ಇಲ್ಲೊಂದು ವಿಚಿತ್ರ ನೋಡಿ. 1961ಕ್ಕೆ ಮುಂಚೆ ಹುಟ್ಟಿದ ಗೋವಾದವರಿಗೆ, ಅವರ ಮಕ್ಕಳು ಮೊಮ್ಮಕ್ಕಳಿಗೆ ಪೋರ್ಚುಗಲ್ ತನ್ನ ಪೌರತ್ವ ಕೊಡುತ್ತದೆ. ಸಾವಿರಾರು ಜನ ಆ ಪಾಸ್‌ಪೋರ್ಟು ಹಿಡಿದು ಬ್ರೆಕ್ಸಿಟ್‌ಗೆ ಮುಂಚೆ ಇಂಗ್ಲೆಂಡಿಗೆ ಹೋಗಿ ಕಾರಖಾನೆ, ಗೋದಾಮುಗಳಲ್ಲಿ ಕೆಲಸಕ್ಕೆ ಸೇರಿದರು. ಅವರು ಅಲ್ಲಿಂದ ಕಳಿಸಿದ ಪೌಂಡಿನಲ್ಲಿ ಗೋವಾದಲ್ಲಿ ಮನೆ ಏಳುತ್ತಿತ್ತು, ಆ ಮನೆಯ ಇಟ್ಟಿಗೆ ಇಡುತ್ತಿದ್ದವನು ಇಂಡಿಯ ನಮ್ಮ ಕಾಕಾ. ಅವರು ಅಲ್ಲಿ ಪರದೇಶಿ, ಇವನು ಇಲ್ಲಿ ಪರದೇಶಿ. ನನ್ನ ಗೆಳೆಯನ ಎಕ್ಸೆಲ್ಲಿನ ಪೋರ್ಚುಗಲ್ಲಿಗೂ ನಮ್ಮೂರಿಗೂ ಇಷ್ಟು ಹತ್ತಿರದ ನಂಟು!

ಉಳಿದ ದೇಶಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಸಾಂಗಲಿ, ಕೊಲ್ಲಾಪುರದ ಕಡೆ ಕಬ್ಬು ಕಡಿಯಲು ಹೋಗುವುದು ಟೋಳಿ ಕಟ್ಟಿಕೊಂಡು, ಮುಕಾದಮನ ಹತ್ತಿರ ಮುಂಗಡ ತೆಗೆದುಕೊಂಡು. ಮುಂಗಡ ತಗೊಂಡವನಿಗೆ ದೇಶ ಆರಿಸುವ ಹಕ್ಕೇ ಇಲ್ಲ. ಮಂಗಳೂರು, ಉಡುಪಿಯಲ್ಲಿ ನಾವು ಘಟ್ಟದವರು. ಕನ್ನಡದ್ದೇ ನೆಲ, ಆದರೆ ನಮ್ಮ ಕನ್ನಡ ಕೇಳಿ ನಗುತ್ತಾರೆ. ಬೆಂಗಳೂರು ನಮ್ಮದೇ ರಾಜಧಾನಿ, ವಿಜಯಪುರದಿಂದ 500 ಕಿಲೋಮೀಟರ್ ದಾಟುತ್ತದೆ. ಮಣ್ಣಿನ ಪ್ರಶ್ನೆಯಲ್ಲಿ ಸೋಲಾಪುರಕ್ಕೆ ಹೋಲಿಸಿದರೆ ಬೆಂಗಳೂರೇ ಪರದೇಶ.

ಎಲ್ಲರೂ ಹೊಟ್ಟೆಗಾಗಿಯೇ ಹೋದರು ಅಂತಲೂ ತಿಳಿಯಬೇಡಿ. ಆಗ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯ ಕವಿ ಮಧುರಚೆನ್ನರು ಅರವಿಂದರ ದರ್ಶನಕ್ಕೆ ಪಾಂಡಿಚೇರಿಗೆ ಹೋದವರು. ಆಗ ಪಾಂಡಿಚೇರಿ ಫ್ರೆಂಚರದು, ಲೆಕ್ಕಕ್ಕೆ ಅದೂ ಪರದೇಶವೇ. ಆದರೆ ಅವರು ತಿರುಗಿ ಹಲಸಂಗಿಗೇ ಬಂದರು.

ತಿರುಗಿ ಬರುವುದು

ಹೋಗುವ ಇತಿಹಾಸ ಬರೆಯುವುದು ಸುಲಭ, ತಿರುಗಿ ಬರುವ ಇತಿಹಾಸ ಕಷ್ಟ. ಎಲ್ಲಿಗೆ ತಿರುಗಿ ಬರುವುದು ಅನ್ನುವುದೇ ಕೆಲವರಿಗೆ ಪ್ರಶ್ನೆ. ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ಕ್ಕೆ ಲಾಲಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲು ಹಾಕಿದರು, ಕೆಲಸ ಮುಗಿಯುವಾಗ 2005 ಆಗಿತ್ತು. ಕೆಳಗೆ ನಾರಾಯಣಪುರದ ಬಸವಸಾಗರ 1982ರಲ್ಲೇ ಮುಗಿದಿತ್ತು. ಬಾಗೇವಾಡಿ, ಮುದ್ದೇಬಿಹಾಳದ ಹೊಳೆ ದಂಡೆಯ ಊರುಗಳು ಮುಳುಗಿದವು. ಪರಿಹಾರ ಬಂತು, ಪುನರ್ವಸತಿ ಕೇಂದ್ರ ಬಂತು. ಆದರೆ ಮುಂಬಯಿಯಲ್ಲಿ ದುಡಿಯುತ್ತಿದ್ದವನು ಪಂಚಮಿಗೆ ಬರುತ್ತಿದ್ದ ಊರು ನೀರಿನ ಕೆಳಗೆ. ಅದೇ ನೀರು ಇಂಡಿ ಶಾಖಾ ಕಾಲುವೆಯಲ್ಲಿ ಹರಿದು ಸಿಂದಗಿ, ಇಂಡಿ ಕಡೆ ಬಂದಾಗ ಇನ್ನೊಬ್ಬನು ಗುಳೆ ಬಿಟ್ಟು ತಿರುಗಿ ಬಂದ. ಒಬ್ಬನ ಊರು ಹೋಗಿ ಇನ್ನೊಬ್ಬನ ಊರು ಉಳಿಯಿತು. ಇಂಡಿಯವನಾಗಿ ಇದನ್ನು ನಾನು ಮರೆಯಬಾರದು.

ಕಾಕಾ ತಿರುಗಿ ಬಂದದ್ದು 2020ರಲ್ಲಿ. ಬಂದ ಅನ್ನುವುದಕ್ಕಿಂತ ಬರಬೇಕಾಯಿತು. ಮಾರ್ಚ್ 25ಕ್ಕೆ ಲಾಕ್‌ಡೌನ್ ಆದಾಗ ಗುತ್ತಿಗೆದಾರ ಫೋನ್ ಬಂದ್ ಮಾಡಿಕೊಂಡ. ಮೂವತ್ತು ವರ್ಷ ದುಡಿದವನ ಹೆಸರು ಯಾವ ವಹಿಯಲ್ಲೂ ಇರಲಿಲ್ಲ. ಹೊರರಾಜ್ಯದ ಕೂಲಿಗಳಿಗೆ 1979ರಲ್ಲೇ ಕಾನೂನು ಮಾಡಿದ್ದರು, ಆದರೆ ವಹಿಯಲ್ಲಿ ಹೆಸರಿಲ್ಲದವನಿಗೆ ಕಾನೂನು ಎಲ್ಲಿಯದು? ಮೇ ತಿಂಗಳಲ್ಲಿ ಹೇಗೋ ಊರು ಮುಟ್ಟಿದ. 14 ದಿನ ಸಾಲಿಯಲ್ಲಿ ಇಟ್ಟರು. ಅವ್ವ ಕಟಗ ರೊಟ್ಟಿ, ಶೇಂಗಾ ಹಿಂಡಿ ಗೇಟಿನ ಹತ್ತಿರ ಇಟ್ಟು ಬರುತ್ತಿದ್ದಳು. ಯಾರ ಮನೆಗೆ ಅವನು ಪ್ರತಿ ವರ್ಷ ಗೋವಾದಿಂದ ಗೋಡಂಬಿ ತರುತ್ತಿದ್ದನೋ ಅವರೇ ದೂರದಿಂದ ಕೈ ಬೀಸಿ ಹೋಗುತ್ತಿದ್ದರು. ಅವರದೂ ತಪ್ಪಲ್ಲ ಅನ್ನಿ, ಹೆದರಿಕೆ ಅಂಥದ್ದಿತ್ತು.

ಈಗ ಕಾಕಾ ಊರಲ್ಲೇ ಇದ್ದಾನೆ. ಎರಡು ಎಕರೆ ಲಿಂಬಿ ಗಿಡ. ಇಂಡಿ ಲಿಂಬಿಗೆ 2023ರಲ್ಲಿ ಜಿಐ ಟ್ಯಾಗ್ ಬಂತಲ್ಲ, ಅದೇ ಲಿಂಬಿ. ಅವನ ಮಗ ಮಾತ್ರ ವಾಸ್ಕೋದಲ್ಲೇ ಉಳಿದ. ಮೊಮ್ಮಗಳು ಫೋನಿನಲ್ಲಿ ಕೊಂಕಣಿ ಬೆರೆಸಿ ಮಾತಾಡುತ್ತಾಳೆ, ಕಾಕಾ ಅರ್ಧ ತಿಳಿದು ಪೂರ್ತಿ ನಗುತ್ತಾನೆ.

ಕಳೆದ ಸಲ ಹೋದಾಗ ಕೇಳಿದೆ, "ಕಾಕಾ, ಎಲ್ಲಿ ಛಲೋ? ಅಲ್ಲೋ ಇಲ್ಲೋ?"

ಬಹಳ ಹೊತ್ತು ಸುಮ್ಮನಿದ್ದ. "ಅಲ್ಲಿ ನನಗ ಘಾಟಿ ಅಂತಿದ್ರು. ಇಲ್ಲಿ ಈಗ ಗೋವಾದಾಂವ ಅಂತಾರ. ಛಲೋ ಅಂದ್ರ ಏನಂತ ಹೇಳ್ಲಿ ತಮ್ಮಾ? ಮುಂಜಾನೆ ಎದ್ದ ಕೂಡ್ಲೇ ಇನ್ನೂ ಸಮುದ್ರದ ವಾಸನಿ ಬರ್ತದೇನಂತ ನೋಡ್ತೀನಿ."

ಆಮೇಲೆ ಅವನೇ ನನ್ನನ್ನು ಕೇಳಿದ. "ನೀ ಎಲ್ಲೋ ಕೆನಡಾಕ್ಕ ಹೊಂಟೀಯಂತ? ಅಲ್ಲಿಂದ ಮಣ್ಣಿಗೆ ಬರಾಕ ಎಷ್ಟು ತಾಸು?"

ನಾನು ವಿಮಾನದ ಲೆಕ್ಕ ಹೇಳಿದೆ. ಎರಡು ವಿಮಾನ, ಆಮೇಲೆ ಕಾರು. ಎಲ್ಲ ಸೇರಿ ಒಂದೂವರೆ ದಿನ, ಟಿಕೀಟು ಸಿಕ್ಕರೆ. ಅವನು ಬೆರಳು ಮಡಚಿ ಎಣಿಸಿದ. ಏನೂ ಅನ್ನಲಿಲ್ಲ. ಎದ್ದು ಹೋಗಿ ಲಿಂಬಿ ಗಿಡಕ್ಕೆ ನೀರು ತಿರುವಿದ.

ಇತಿಹಾಸ ಓದಿ ನನಗೆ ತಿಳಿದದ್ದು ಇಷ್ಟೇ. ನಮ್ಮ ಕಡೆಯವರು ಬಡತನಕ್ಕೆ ಕಣ್ಣುಮುಚ್ಚಿ ಓಡಿಹೋದವರಲ್ಲ. ಬರದ ಕೂಲಿಯನ್ನೂ ಹಾಲಿ ಸಿಕ್ಕಾವನ್ನೂ ಸಿದ್ಧರಾಮನ ಜಾತ್ರೆಯನ್ನೂ ತೂಗಿ ನೋಡಿ ಹೋದವರು. ಆದರೆ ಅವರ ತಕ್ಕಡಿಯಲ್ಲಿ ನಾವು ಮರೆತ ಒಂದು ಕಲ್ಲು ಇತ್ತು. ಹೋಗುವ ದೇಶ ಎಷ್ಟು ಕೊಡುತ್ತದೆ ಅನ್ನುವುದರ ಜೊತೆಗೆ, ಅಲ್ಲಿಂದ ಎಷ್ಟು ಬೇಗ ತಿರುಗಿ ಬರಬಹುದು ಅಂತಲೂ ನೋಡುತ್ತಿದ್ದರು. ಗೋವಾ ಆರಿಸಿದ ಕಾಕಾ ಆ ಕಲ್ಲನ್ನು ಸ್ವಲ್ಪ ಹಗುರ ಮಾಡಿದ, ಪಗಾರ ಹೆಚ್ಚು ಬಂತು. ನಾನು ಪೂರ್ತಿ ತೆಗೆದು ಇಡಲು ಹೊರಟಿದ್ದೇನೆ.

ಗೆಳೆಯನಿಗೆ ಹೇಳಿ ಆ ಎಕ್ಸೆಲ್ ಶೀಟಿಗೆ ಇನ್ನೆರಡು ಕಾಲಮ್ಮು ಸೇರಿಸಿದ್ದೇನೆ. ಮಾತು, ಮಣ್ಣು. ಅಂಕ ಇನ್ನೂ ತುಂಬಿಲ್ಲ. ತುಂಬಲು ಕೈ ಬರುತ್ತಿಲ್ಲ.

ನಿನ್ನೆ ರಾತ್ರಿ ಅವ್ವನ ಫೋನು. ವೀಸಾ ಏನಾಯಿತು ಅಂತ ಕೇಳಲಿಲ್ಲ. "ಪಂಚಮಿಗೆ ಬರ್ತೀ ಏನು? ಅಳ್ಳು ಹುರೀಬೇಕು, ಅದಕ್ಕ ಕೇಳ್ದೆ" ಅಂದಳು ಅಷ್ಟೇ.

ನಿಮ್ಮ ಮನೆಯಲ್ಲೂ ಇಂಥ ಮುತ್ಯಾ, ಕಾಕಾ ಇದ್ದೇ ಇರುತ್ತಾರೆ. ಕರಾವಳಿಯವರ ಮುಂಬಯಿ ಹೋಟೆಲು, ಮಲೆನಾಡಿನವರ ಕಾಫಿ ತೋಟ, ಕೋಲಾರದವರ ಚಿನ್ನದ ಗಣಿ... ಅವರ ಮೂರು ಪ್ರಶ್ನೆ ಯಾವುವಿದ್ದವು ಅಂತ ಬರೆಯಿರಿ. ಅವರು ಇರುವಾಗಲೇ ಕೇಳಿಕೊಳ್ಳಿ.